ಕಾರಿಗೆ ಅರಿಶಿನ ಹಚ್ಚಿದ ಬೇಸಿಗೆ

ನನ್ನ ಗಂಡ ಸಾಂಗ್ಲಿ ಹತ್ತಿರದ ಒಂದು ಸಹಕಾರಿ ಸಕ್ಕರೆ ಕಾರ್ಖಾನೆಯ ವರ್ಕ್‌ಶಾಪಿನಲ್ಲಿ ಫೋರ್ಮನ್ ಆಗಿದ್ದರು. ಮಾವ ಅರಿಶಿನದ ವ್ಯಾಪಾರಿ. ಒಬ್ಬನೇ ಮಗ ತಮ್ಮ ಜೊತೆ ಪೇಟೆಯ ಗಾದಿಯ ಮೇಲೆ ಕೂರದೆ ಗ್ರೀಸು ಮೆತ್ತಿಕೊಳ್ಳುವ ಕೆಲಸಕ್ಕೆ ಹೋದನಲ್ಲ ಎಂದು ಮೊದಲೇ ಅವರಿಗೆ ಬೇಸರವಿತ್ತು. ಆ ಬೇಸರ ಆರುವ ಮೊದಲೇ ಮಗರಾಯರು ಮಿರಜದ ಒಂದು ಗ್ಯಾರೇಜಿನ ಹಿತ್ತಲಲ್ಲಿ ಕೋಳಿಗಳಿಗೆ ಮನೆಯಾಗಿದ್ದ ಎರಡು ಬಾಗಿಲಿನ ಹಳೆಯ ವಿಲಾಯತಿ ಕಾರನ್ನು ಎಳೆಸಿಕೊಂಡು ಬಂದರು. ಮಾವ ಅದನ್ನು ಒಮ್ಮೆ ಸುತ್ತಿ ನೋಡಿ ಒಳಗೆ ಹೋಗಿ ಕದ ಹಾಕಿಕೊಂಡರು. ಆಮೇಲೆ ಒಂದೂವರೆ ವರ್ಷ ಆ ಕಾರು ಎಂಬುದೊಂದು ತಮ್ಮ ಅಂಗಳದಲ್ಲಿ ಇದೆ ಎಂದೇ ಅವರು ಒಪ್ಪಿಕೊಳ್ಳಲಿಲ್ಲ.

ಊರ ಹೊರಗೆ, ಈಗ ವಿಮಾನ ಇಳಿಯದ ಒಂದು ಹಳೆಯ ರನ್‌ವೇ ಪಟ್ಟಿ ಇತ್ತು. ಬೇಸಿಗೆಯಲ್ಲಿ ಒಂದು ಮೋಟಾರು ಕ್ಲಬ್ಬಿನವರು ಅಲ್ಲಿ ಕಾರುಗಳ ಓಟ ನಡೆಸುತ್ತಿದ್ದರು. ಒಂದೊಂದೇ ಕಾರು, ಈ ತುದಿಯಿಂದ ಹೊರಟು ಆ ತುದಿಯಲ್ಲಿ ಇಟ್ಟ ಡ್ರಮ್ಮುಗಳನ್ನು ಸುತ್ತಿ ವಾಪಸು ಬರಬೇಕು. ಯಾರು ಬೇಗ ಬಂದರೋ ಅವರು ಗೆದ್ದಂತೆ. ನನ್ನ ಗಂಡನ ಕಣ್ಣು ಅದರ ಮೇಲಿತ್ತು. ಎಂಜಿನ್ನನ್ನು ಬಿಚ್ಚಿ ಜೋಡಿಸಿ ಅವರು ಅದಕ್ಕೆ ಎಂಥ ಉಸಿರು ತುಂಬಿದ್ದರೆಂದರೆ, ಚಾಲೂ ಮಾಡಿದರೆ ನಮ್ಮ ಅಡುಗೆಮನೆಯ ಹಲಗೆಯ ಮೇಲಿನ ತಾಟುಗಳು ನಡುಗುತ್ತಿದ್ದವು.

ಆದರೆ ಪಟ್ಟಿಯ ಮೇಲೆ ಓಡಿಸಿ ಬಂದ ಮೊದಲ ದಿನವೇ ಅವರ ಮುಖ ಸಣ್ಣದಾಗಿತ್ತು.

"ಜೋರ ಹೋದಂಗ ಸ್ಟೇರಿಂಗ್ ಹಗೂರ ಆಗತೈತಿ. ಕೈಯಾಗ ಏನೂ ಇಲ್ಲ ಅನಸ್ತೈತಿ," ಎಂದರು.

"ಹಂಗಾದ್ರ ಸಾವಕಾಶ ಹೋಗ್ರಿ," ಎಂದೆ ನಾನು. ಅವರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

ರದ್ದಿ ಅಂಗಡಿಯಿಂದ ತಂದ ವಿಲಾಯತಿ ಮಾಸಿಕಗಳಲ್ಲಿ ಓಟದ ಕಾರುಗಳ ಹಿಂದೆ ರೆಕ್ಕೆ ಇರುವ ಚಿತ್ರಗಳಿದ್ದವು. ವಿಮಾನದ ರೆಕ್ಕೆ ಗಾಳಿಯಿಂದ ಮೇಲಕ್ಕೇಳುತ್ತದೆ, ಅದನ್ನೇ ತಲೆಕೆಳಗು ಮಾಡಿ ಕೂರಿಸಿದರೆ ಗಾಳಿ ಕಾರನ್ನು ನೆಲಕ್ಕೆ ಒತ್ತುತ್ತದೆ ಎಂದು ಅವರು ನನಗೆ ಜೋಳದ ರೊಟ್ಟಿ ಹಿಡಿದು ತೋರಿಸಿಕೊಟ್ಟರು. ಒಂದು ವಾರದಲ್ಲಿ ಅಲ್ಯೂಮಿನಿಯಂ ತಗಡಿನ ರೆಕ್ಕೆಯೊಂದು ಡಿಕ್ಕಿಯ ಮೇಲೆ ಎರಡು ಕಾಲೂರಿ ನಿಂತಿತು. ನಮ್ಮ ಓಣಿಯ ಹೆಣ್ಣುಮಕ್ಕಳು, "ಚೊಲೋ ಆತು, ಹಪ್ಪಳ ಒಣಗಸಾಕ," ಎಂದು ನಕ್ಕರು. ನನಗೂ ನಗು ಬಂತು, ಆದರೆ ಗಂಡನೆದುರು ನಗಲಿಲ್ಲ.

ರೆಕ್ಕೆ ಹಾಕಿದ ಮೇಲೆ ಕಾರಿನ ಹಿಂಭಾಗ ಗಟ್ಟಿಯಾಗಿ ಕೂತಿತು. ಸ್ಟೇರಿಂಗ್ ಮಾತ್ರ ಮೊದಲಿಗಿಂತ ಹಗುರವಾಯಿತು! ಅವರು ರೆಕ್ಕೆಯನ್ನು ಇನ್ನಷ್ಟು ಬಾಗಿಸಿದರು. ಅದು ಇನ್ನಷ್ಟು ಹಗುರವಾಯಿತು.

ಗಾಳಿ ಕಾರಿನ ಮೇಲೆ ಎಲ್ಲಿ ಹೇಗೆ ಹೋಗುತ್ತದೆ ಎಂದು ನೋಡಬೇಕೆಂದರೆ ಮೈಮೇಲೆಲ್ಲ ಉಣ್ಣೆಯ ಎಳೆ ಅಂಟಿಸಬೇಕು ಎಂದು ಅದೇ ಮಾಸಿಕಗಳಲ್ಲೊಂದರಲ್ಲಿ ಇತ್ತಂತೆ. ನಾನು ನಾದಿನಿಯ ಕೂಸಿಗೆ ಟೊಪ್ಪಿಗೆ ಹೆಣೆಯುತ್ತಿದ್ದೆ. ಆ ಕೆಂಪು ಉಂಡೆ ಹೋಯಿತು. ಗೇಣಿಗಿಂತ ಸಣ್ಣ ತುಂಡುಗಳನ್ನು ಕತ್ತರಿಸಿ, ಅಂಟುವ ಚಿಕಟಪಟ್ಟಿಯಿಂದ ಬಾನೆಟ್ಟು, ಛಾವಣಿ, ಬಾಗಿಲು, ರೆಕ್ಕೆಗಳ ಮೇಲೆ ಸಾಲಾಗಿ ಅಂಟಿಸಿದೆವು. ಎಳೆ ಚಪ್ಪಟೆಯಾಗಿ ಮಲಗಿದರೆ ಗಾಳಿ ಮೈಗೆ ಹತ್ತಿ ಹೋಗುತ್ತಿದೆ ಎಂದು. ಸುತ್ತಿ ಸುತ್ತಿ ಕುಣಿದರೆ ಅಲ್ಲಿ ಗಾಳಿ ಕೆಟ್ಟಿದೆ ಎಂದು.

ಆಗ ತೊಡಕು ಗೊತ್ತಾಯಿತು. ಎಳೆಗಳನ್ನು ಹೊರಗಿನಿಂದ ನೋಡಬೇಕು. ನೋಡುವವರು ಪಕ್ಕದಲ್ಲಿ ಇನ್ನೊಂದು ಗಾಡಿಯಲ್ಲಿರಬೇಕು. ಹಾಗಿದ್ದರೆ ಕಾರು ಓಡಿಸುವವರು ಯಾರು? ಅವರ ಗೆಳೆಯರೊಬ್ಬರು ತಮ್ಮ ಜೀಪು ಓಡಿಸಲು ಒಪ್ಪಿದರು, ಈ ಕಾರನ್ನು ಮುಟ್ಟಲು ಒಪ್ಪಲಿಲ್ಲ.

"ನೀ ಓಡಸ," ಎಂದರು ಗಂಡ.

"ನನಗೆಲ್ಲಿ ಬರ್ತೈತ್ರಿ?"

"ಕಲಸ್ತೇನಿ. ಸೈಕಲ್ಲ ಹೊಡೀತಿ ಇಲ್ಲೋ?"

ಅಥಣಿಯಲ್ಲಿ ತವರಿನಲ್ಲಿದ್ದಾಗ ನಾನು ಸೈಕಲ್ಲು ಹೊಡೆಯುತ್ತಿದ್ದುದು ನಿಜ. ಅದನ್ನು ನೆಚ್ಚಿಕೊಂಡು ಅವರು ನನ್ನನ್ನು ಓಟದ ಕಾರಿನಲ್ಲಿ ಕೂರಿಸಿದರು. ಕಬ್ಬು ಅರೆಯುವ ಹಂಗಾಮು ಮುಗಿದು ಕಾರ್ಖಾನೆ ನಿಂತಿತ್ತು, ಅವರಿಗೆ ಪುರುಸೊತ್ತಿತ್ತು. ದಿನಾ ಬೆಳಿಗ್ಗೆ ಅತ್ತೆಯವರ ಕೈಗೆ ನಮ್ಮ ಮಗುವನ್ನು ಕೊಟ್ಟು, ಸೀರೆಯ ಸೆರಗು ಸಿಕ್ಕಿಸಿಕೊಂಡು ಹೋಗುತ್ತಿದ್ದೆ. ಮೊದಲ ವಾರ ಪಟ್ಟಿಯ ಮೇಲಿನ ಆಡುಗಳು ನನಗೆ ದಾರಿ ಬಿಡುತ್ತಿರಲಿಲ್ಲ. ಎರಡನೆಯ ವಾರ ನನ್ನ ಕಾರಿನ ಸದ್ದು ಕೇಳಿದರೆ ಸಾಕು, ಕಾಯುವ ಮುದುಕನೇ ಅವುಗಳನ್ನು ಓಡಿಸಿಕೊಂಡು ದೂರ ಹೋಗುತ್ತಿದ್ದ. ಮೂರನೆಯ ವಾರ ಮೊದಲ ಸಲ ಜೋರಾಗಿ ಹೋದಾಗ ಸ್ಟೇರಿಂಗ್ ಕೈಯೊಳಗೆ ಹತ್ತಿಯಾಯಿತು. ಗಂಡ ಅಷ್ಟು ದಿನ ಹೇಳುತ್ತಿದ್ದುದು ಏನೆಂದು ಆಗ ತಿಳಿಯಿತು. ಹೆದರಿಕೆಯಾಯಿತು. ಆಕ್ಸಿಲರೇಟರಿನಿಂದ ಕಾಲು ಎತ್ತಲಿಲ್ಲ. ಯಾಕೆ ಎತ್ತಲಿಲ್ಲ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಜೀಪಿನಿಂದ ಅವರು ಕಂಡದ್ದು ಇಷ್ಟು: ರೆಕ್ಕೆಯ ಮೇಲಿನ ಎಳೆಗಳು ಚೆನ್ನಾಗಿ ಮಲಗಿದ್ದವು, ಅಂದರೆ ರೆಕ್ಕೆ ಬರೋಬ್ಬರಿ ಕೆಲಸ ಮಾಡುತ್ತಿತ್ತು. ಮತ್ತೆ ತಪ್ಪು ಎಲ್ಲಿದೆ?

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗಲೂ ನಾವಿಬ್ಬರು ಅದನ್ನೇ ಮಾತಾಡುತ್ತಿದ್ದೆವು. ಮಾವ ತಾಟಿನಿಂದ ತಲೆ ಎತ್ತದೆ ಅಂದರು:

"ಚಕ್ಕಡಿಯಾಗ ಚೀಲ ಎಲ್ಲಾ ಹಿಂದಕ್ಕ ಹೇರಿದ್ರ ಏನಾಗತೈತಿ? ನೊಗ ಮ್ಯಾಲ ಏಳತೈತಿ. ಎತ್ತಿನ ಕೊರಳಿಗೆ ಉರುಲು. ಇಷ್ಟು ಗೊತ್ತಾಗೂದಿಲ್ಲ, ಇವ್ರು ಫೋರ್ಮನ್ ಅಂತ."

ಕಾರಿನ ಬಗ್ಗೆ ಅವರು ಆಡಿದ ಮೊದಲ ಮಾತು ಅದು. ಗಂಡ ಕೈಯಲ್ಲಿದ್ದ ತುತ್ತನ್ನು ಹಾಗೆಯೇ ಬಿಟ್ಟು ಅಂಗಳಕ್ಕೆ ಓಡಿದರು. ರೆಕ್ಕೆ ಹಿಂದಿನ ಗಾಲಿಗಳಿಗಿಂತಲೂ ಹಿಂದೆ ಇತ್ತು. ಗಾಳಿ ಬಾಲವನ್ನು ಒತ್ತಿದಷ್ಟೂ ಮೂತಿ ಮೇಲೇಳುತ್ತಿತ್ತು.

ಮೊದಲಿನಿಂದಲೂ ಮೂತಿ ಯಾಕೆ ಹಗುರವಾಗುತ್ತಿತ್ತು ಎಂಬುದು ಇನ್ನೂ ಉಳಿದಿತ್ತು. ಮೂತಿಯ ಕೆಳಗೆ ಎಳೆ ಅಂಟಿಸಿದರೂ ಜೀಪಿನಿಂದ ಕಾಣುತ್ತಿರಲಿಲ್ಲ. ಅಲ್ಲಿ ಎಣ್ಣೆಯಲ್ಲಿ ಕಲಸಿದ ಯಾವುದಾದರೂ ಬಣ್ಣ ಹಚ್ಚಿ ಓಡಿಸಿದರೆ ಗಾಳಿಯೇ ಗೆರೆ ಎಳೆದು ತೋರಿಸುತ್ತದೆ ಎಂದರು ಗಂಡ. ಬಣ್ಣ ಹುಡುಕಿಕೊಂಡು ಹೋಗಬೇಕಾದ ಮನೆಯೇ ನಮ್ಮದು? ಬೋಗುಣಿಯಲ್ಲಿ ಅರಿಶಿನವನ್ನು ಶೇಂಗಾ ಎಣ್ಣೆಗೆ ಕಲಸಿ, ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ನಾನು ಹಚ್ಚುತ್ತಿದ್ದೆ. ಅತ್ತೆ ನಮ್ಮ ಕೂಸನ್ನು ಎತ್ತಿಕೊಂಡು ಬಂದು ನಿಂತರು.

"ಯವ್ವಾ, ಅರಿಷಿಣ ಹಚ್ಚಾಕತ್ತೀಯಲ್ಲ, ವರ ಎಲ್ಲಿ ಗೊತ್ತಾಗೇತಿ ಇದಕ್ಕ?"

"ಇನ್ನೂ ನೋಡಾಕತ್ತೇವ್ರಿ ಅತ್ತಿ."

"ಹಂಗಾದ್ರ ಗಲ್ಲಕ್ಕೂ ಹಚ್ಚ," ಎಂದು ಅವರೇ ಬಾಗಿ ಎರಡೂ ದೀಪಗಳ ಕೆಳಗೆ ಐದು ಬೆರಳಿನಿಂದ ಎಳೆದರು. ಆಮೇಲೆ ಅವರಿಗೆ ನಗು ತಡೆಯಲಾಗದೆ ಕಟ್ಟೆಯ ಮೇಲೆ ಕೂತುಬಿಟ್ಟರು.

ಓಡಿಸಿ ನಿಲ್ಲಿಸಿದಾಗ ಮೂತಿಯ ಕೆಳಭಾಗದ ಅರಿಶಿನವೆಲ್ಲ ಗೆರೆಗೆರೆಯಾಗಿ ಕೆಳಕ್ಕೆ ಎಳೆದುಹೋಗಿತ್ತು. ಬಗ್ಗಿ ನೋಡಿದರೆ ಕಾರಿನ ಹೊಟ್ಟೆ ಹಳದಿ. ಗಾಳಿ ಅಡಿಯಲ್ಲಿ ನುಗ್ಗಿ ಮೂತಿಯನ್ನು ಎತ್ತುತ್ತಿತ್ತು. ಅದನ್ನು ಒಳನುಗ್ಗುವ ಮೊದಲೇ ತಡೆಯಬೇಕಿತ್ತು. ಗುಜರಿಯಲ್ಲಿ ಬಿದ್ದಿದ್ದ ದಪ್ಪ ರಬ್ಬರು ಪಟ್ಟಿಯನ್ನು ಗಂಡ ಅಳತೆಗೆ ಕತ್ತರಿಸಿ, ಬಂಪರಿನ ಕೆಳಗೆ ನೆಲಕ್ಕೆ ನಾಲ್ಕು ಬೆರಳು ಉಳಿಯುವಂತೆ ಬೋಲ್ಟು ಹಾಕಿ ಕೂರಿಸಿದರು. ಹಿಂದಿನ ದೊಡ್ಡ ರೆಕ್ಕೆ ತೆಗೆದು, ಡಿಕ್ಕಿಯ ಅಂಚಿಗೆ ಬರೀ ಅಂಗೈ ಅಗಲದ ತಗಡಿನ ಪಟ್ಟಿ ಬಿಟ್ಟರು. ಮರುದಿನ ನಾನು ಓಡಿಸಿದಾಗ ಅದೇ ವೇಗದಲ್ಲಿ ಸ್ಟೇರಿಂಗ್ ಕೈಗೆ ಭಾರವಾಗಿ, ತುಂಬಿದ ಕೊಡದ ಹಾಗೆ ಕೂತಿತು. ಇಳಿದು ಬಂದು ಅವರೆದುರು ಅತ್ತುಬಿಟ್ಟೆ. ಅವರು ಗಾಬರಿಯಾಗಿ, "ಕೆಟ್ಟತೇನ?" ಎಂದು ಕೇಳಿದರು.

ಓಟದ ದಿನ ಒಂದು ಕಾರಿಗೆ ಇಬ್ಬರು ಚಾಲಕರ ಹೆಸರು ಕೊಡಬಹುದಿತ್ತು. ನನ್ನನ್ನು ಕೇಳದೆ ಅವರು ನನ್ನ ಹೆಸರನ್ನೂ ಬರೆಸಿದ್ದರು. ಮೊದಲು ತಾವು ಓಡಿಸಿ ಬಂದರು. ಇಳಿದವರೇ ಹೆಲ್ಮೆಟ್ಟನ್ನು ನನ್ನ ಕೈಗೆ ಕೊಟ್ಟರು.

"ನಾ ಎಂಜಿನ್ನಿನ ಮಾತ ಕೇಳತೇನಿ, ನೀ ಕಾರಿನ ಮಾತ ಕೇಳತಿ. ಹೋಗ."

ಹೋದೆ. ನಡುವಿನಲ್ಲಿ ಅಡ್ಡಗಾಳಿ ಎದ್ದು ಧೂಳು ಪಟ್ಟಿಯನ್ನು ದಾಟಿತು, ಕಾರು ಅಲುಗಲಿಲ್ಲ. ಡ್ರಮ್ಮುಗಳನ್ನು ಸುತ್ತುವಾಗ ರಬ್ಬರು ಪಟ್ಟಿಯ ಒಂದು ತುದಿ ಕಿತ್ತು ನೆಲಕ್ಕೆ ಬಡಿಯತೊಡಗಿತು. ವಾಪಸಿನ ದಾರಿಯಲ್ಲಿ ಸ್ಟೇರಿಂಗ್ ಮತ್ತೆ ಸ್ವಲ್ಪ ಹಗುರವಾಯಿತು, ಕಾಲನ್ನು ಸ್ವಲ್ಪ ಎತ್ತಿದೆ. ನಮಗೆ ನಾಲ್ಕನೆಯ ಸ್ಥಾನ ಬಂತು. ನನ್ನ ಗಂಡನಿಗಿಂತ ನಾನು ಬೇಗ ಬಂದಿದ್ದೆ.

ಜನರ ನಡುವೆ ಬಿಳಿ ಟೊಪ್ಪಿಗೆಯ ಮಾವನನ್ನು ನಾನು ಆಮೇಲೆ ನೋಡಿದೆ. ಪೇಟೆಯ ಅಂಗಡಿ ಮುಚ್ಚಿ, ಆಟೋ ಮಾಡಿಕೊಂಡು ಒಬ್ಬರೇ ಬಂದಿದ್ದರು. ಪಕ್ಕದವನು, ಈ ಹೆಂಗಸು ಯಾರು ಎಂದು ಮರಾಠಿಯಲ್ಲಿ ಕೇಳುತ್ತಿದ್ದ.

"ಆಮಚೀ ಸೂನ," ನಮ್ಮ ಸೊಸೆ ಎಂದರು ಮಾವ. ನನ್ನನ್ನು ಕಂಡ ಕೂಡಲೇ ಮುಖ ಬಿಗಿದುಕೊಂಡು, "ಬೋಲ್ಟ ಸಣ್ಣವ ಹಾಕ್ಯಾನ ನಿನ್ನ ಗಂಡ," ಎಂದರು.

ಸಂಜೆ ಮಾವ ನನ್ನ ಗಂಡನ ಗೆಳೆಯರ ಜೀಪಿನಲ್ಲಿ ಮುಂದೆ ಹೋದರು. ನಾವಿಬ್ಬರು ಕಾರಿನಲ್ಲಿ ಹಿಂದೆ. ಓಡಿಸುತ್ತಿದ್ದವಳು ನಾನೇ. ಕಬ್ಬು ಕಟಾವಾದ ಹೊಲಗಳ ನಡುವಿನ ರಸ್ತೆಯಲ್ಲಿ ಸಾವಕಾಶ ಬರುತ್ತಿದ್ದೆವು. ಏನೋ ಹೇಳಬೇಕೆಂದು ತಿರುಗಿ ನೋಡಿದರೆ ಅವರು ಬಾಗಿಲಿಗೆ ತಲೆ ಆನಿಸಿ, ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದರು. ಬೇರೆ ಯಾರಾದರೂ ಓಡಿಸುವ ಗಾಡಿಯಲ್ಲಿ ಅವರು ಕಣ್ಣು ಮುಚ್ಚಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹಾರ್ನ್ ಹೊಡೆಯದೆ, ಮುಂದೆ ಹೋಗುತ್ತಿದ್ದ ಚಕ್ಕಡಿಯ ಹಿಂದೆ ಎತ್ತುಗಳ ನಡಿಗೆಯಲ್ಲೇ ಊರು ಸೇರಿದೆ.