ಅತ್ತೆ ಹೇಳಿಕೊಟ್ಟ ಅಕ್ಷರಗಳು

ಕಂಪ್ಯೂಟರ್ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು ಇತ್ತು: ಆಪರೇಟಿಂಗ್ ಸಿಸ್ಟಮ್ ಸಿಗುತ್ತಿಲ್ಲ. ಶಾಸನಗಳ ಮೇಲೆ ನಾನು ವರ್ಷಗಟ್ಟಲೆ ಬರೆದ ಪಿಎಚ್.ಡಿ. ಪ್ರಬಂಧ ಅದರೊಳಗಿತ್ತು. ಎಂಬತ್ತರ ದಶಕದ ಕೊನೆ. ನಮ್ಮ ಬಾದಾಮಿಯಲ್ಲಿ ಅದನ್ನು ರಿಪೇರಿ ಮಾಡುವವರು ಯಾರೂ ಇರಲಿಲ್ಲ.

ಪಕ್ಕದ ಮನೆಯ ಫೋನಿನಿಂದ ಹುಬ್ಬಳ್ಳಿಯ ಮೆಕ್ಯಾನಿಕ್‌ಗೆ ಟ್ರಂಕ್ ಕಾಲ್ ಹಚ್ಚಿದೆ. "ನಾ ಬರೂದು ತಡಾ ಆಗ್ತದ್ರಿ. ಕಂಪ್ಯೂಟರ್ ಜೋಡಿ ಕೊಟ್ಟ ಫ್ಲಾಪಿ ಹಾಕಿ ನೀವ ಸಿಸ್ಟಮ್ ಹಾಕ್ಕೋರಿ. ಫಾರ್ಮ್ಯಾಟ್ ಅಂತ ಮಾತ್ರ ಹೊಡಿಬ್ಯಾಡ್ರಿ, ಎಲ್ಲಾ ಅಳಿಸಿ ಹೋಗ್ತದ" ಎಂದರು.

ಆದರೆ ಫೋನ್ ಪಕ್ಕದ ಮನೆಯಲ್ಲಿ, ಕಂಪ್ಯೂಟರ್ ನಮ್ಮ ಮನೆಯಲ್ಲಿ. ಶಾಲೆಯ ಮೆಟ್ಟಿಲು ಹತ್ತದ ನನ್ನ ಅತ್ತೆ ರಿಸೀವರ್ ಹಿಡಿದು ಆ ಮನೆಯ ಕಿಟಕಿಯಲ್ಲಿ ನಿಂತರು. ನಾನು ನಮ್ಮ ಕಿಟಕಿ ತೆರೆದು, ಫ್ಲಾಪಿ ಹಾಕಿ ಕಂಪ್ಯೂಟರ್ ಚಾಲೂ ಮಾಡಿ ಕೀಲಿಮಣೆಯ ಮುಂದೆ ಕೂತೆ.

"ಎಸ್ ಅಂತ, ವೈ ಅಂತ, ಮತ್ತ ಎಸ್ ಅಂತ. ಜರಾ ಜಾಗಾ ಬಿಟ್ಟು ಸಿ. ಅದರ ಬಾಜೂಕ ಒಂದರ ಮ್ಯಾಲೊಂದು ಎರಡು ಚುಕ್ಕಿ ಇಡಬೇಕಂತ, ರಂಗೋಲಿಗೆ ಇಟ್ಟಂಗ." ಫೋನಿನಲ್ಲಿ ಕೇಳಿದ್ದನ್ನು ಅತ್ತೆ ಕೂಗಿ ಹೇಳಿದರು.

ಹಾಗೇ ಹೊಡೆದೆ. ಯಂತ್ರ ಗುರುಗುಟ್ಟಿ ಸುಮ್ಮನಾಯಿತು. ಫ್ಲಾಪಿ ತೆಗೆದು ಮತ್ತೆ ಚಾಲೂ ಮಾಡಿದರೆ ಅಧ್ಯಾಯಗಳೆಲ್ಲ ಇದ್ದವು. ಕಿಟಕಿಗೆ ಬಂದು ಹೌದೆಂದು ತಲೆಯಾಡಿಸಿದೆ. ಅತ್ತೆ ಫೋನಿನಲ್ಲಿ, "ನಮ್ಮ ಹುಡುಗಿ ಓದು ಉಳೀತ್ರಿ, ನಿಮ್ಮ ಹೊಟ್ಟಿ ತಣ್ಣಗಿರ್ಲಿ" ಎಂದು ರಿಸೀವರ್ ಇಟ್ಟರು.

ಮನೆಗೆಲಸದಿಂದ ಕದ್ದ ಹೊತ್ತಿನಲ್ಲಿ ಓದುತ್ತಿದ್ದೇನೆಂಬ ಅಳುಕು ನನಗೆ ಮದುವೆಯಾದಾಗಿನಿಂದ ಇತ್ತು. ಅಂದಿನಿಂದ ಅದು ಹೋಯಿತು.