ಮರಿಯ ತಾಯಿಯನ್ನು ನೋಡದೆ

ಈಚೆಗೆ ನಮ್ಮ ಕಡೆಯವರಲ್ಲಿ ಯಾರಿಗೆ ನಾಯಿಮರಿ ಬೇಕೆನಿಸಿದರೂ ಮೊದಲ ಫೋನು ಬರುವುದು ನನಗೆ. "ಅಕ್ಕ, ನಿಮ್ಮ ಲ್ಯಾಬ್ರಡಾರ್ ಎಷ್ಟು ಚಂದ ಉಂಟು! ಎಲ್ಲಿಂದ ತಂದದ್ದು? ಬ್ರೀಡರ್ ಒಳ್ಳೆಯವರಾ ಅಂತ ಹೇಗೆ ಗೊತ್ತಾಗುದು?" ನಾನು ಒಲೆ ಆರಿಸಿ ಕೂತು ಹೇಳತೊಡಗುತ್ತೇನೆ. ಗಂಡ ಟೀವಿಯ ಮುಂದಿನಿಂದಲೇ "ಶುರುವಾಯ್ತು ಪ್ರವಚನ" ಅನ್ನುತ್ತಾರೆ. ಅನ್ನಲಿ. ಆದರೆ ಅದನ್ನೆಲ್ಲ ಕಲಿತದ್ದು ಹೇಗೆ ಎಂಬುದನ್ನು ಮಾತ್ರ ನಾನು ಯಾರಿಗೂ ಪೂರ್ತಿ ಹೇಳಿರಲಿಲ್ಲ. ನಾಚಿಕೆಯಾಗುತ್ತಿತ್ತು.

ಈಗಿನ ನಾಯಿ ಈ ಪರದೇಶದ ಮಿಲ್ಟನ್ ಊರಿನ ನಮ್ಮ ಮನೆಗೆ ಬಂದ ಎರಡನೆಯದು. ಮೊದಲಿನದು ಬಂದದ್ದು ಮಗಳಿಗೆ ಹನ್ನೊಂದು ತುಂಬಿದ ವರ್ಷ. ದೀಪಾವಳಿ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಒಬ್ಬರ ಪರಿಚಯವಾಯಿತು. ಉಡುಪಿಯ ಹತ್ತಿರದವರೇ, ಅವರ ಅತ್ತಿಗೆಯ ಊರು ನನ್ನ ತವರಿನಿಂದ ಎರಡು ಮೈಲಿ. ಮಾತಿಗೆ ಮಾತು ಬಂದು, ಮಗಳು ನಾಯಿಮರಿಗಾಗಿ ಪ್ರಾಣ ತಿನ್ನುತ್ತಿದ್ದಾಳೆ ಅಂದೆ. "ಅಯ್ಯೋ ಅಕ್ಕ, ನನ್ನ ಹತ್ರವೇ ಉಂಟಲ್ಲ! ಪ್ಯೂರ್ ಲ್ಯಾಬ್. ಮೂರೇ ಮರಿ ಉಳಿದದ್ದು. ಬೇರೆಯವರಿಗಾದ್ರೆ ಕೊಡ್ಲಿಕ್ಕಿಲ್ಲ, ನೀವು ನಮ್ಮವರು" ಎಂದರು.

ಮುಂದಿನ ಭಾನುವಾರ ವಿಮಾನ ನಿಲ್ದಾಣದ ಪಕ್ಕದ ಮಾಲ್ಟನ್ನಿನ ಒಂದು ಪ್ಲಾಜಾದ ಪಾರ್ಕಿಂಗಿಗೆ ಬರಲು ಹೇಳಿದರು. ಮನೆಗೇ ಬರುತ್ತೇವೆ ಅಂದರೆ, ಮನೆಯಲ್ಲಿ ಪೇಂಟಿಂಗ್ ನಡೆಯುತ್ತಿದೆ ಅಂದರು. ಮಿಠಾಯಿ ಅಂಗಡಿಯ ಎದುರು ಕಾರಿನ ಡಿಕ್ಕಿ ತೆರೆದು, ರಟ್ಟಿನ ಪೆಟ್ಟಿಗೆಯಿಂದ ಮರಿಯನ್ನೆತ್ತಿ ಮಗಳ ಕೈಗೆ ಕೊಟ್ಟರು. ತಲೆಯ ಮೇಲೆ ವಿಮಾನಗಳು ಒಂದರ ಹಿಂದೆ ಒಂದು ಇಳಿಯುತ್ತಿದ್ದವು. ಮರಿ ತೀರಾ ಚಿಕ್ಕದಿತ್ತು. ಹಾಲಿನ ವಾಸನೆಯ ಜೊತೆಗೆ ಇನ್ನೇನೋ ಕೆಟ್ಟ ವಾಸನೆ. ಇದರ ತಾಯಿ ಎಲ್ಲಿ, ಎಷ್ಟು ವಾರದ್ದು, ಚುಚ್ಚುಮದ್ದಿನ ಕಾಗದ ಎಲ್ಲಿ ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಅವರು ಮನೆಯವರೆಲ್ಲರ ಕ್ಷೇಮ ವಿಚಾರಿಸುತ್ತಿದ್ದಾರೆ, ನನ್ನ ತವರಿನ ದಾರಿಯ ಗುರುತು ಹೇಳುತ್ತಿದ್ದಾರೆ, ಅಂಥವರ ಹತ್ತಿರ ಕಾಗದ ಕೇಳುವುದೇ? ಬೇಜಾರು ಮಾಡಿಕೊಂಡರೆ? "ಪೇಪರ್ಸ್ ಎಲ್ಲ ಆಮೇಲೆ ಕಳಿಸ್ತೇನೆ ಅಕ್ಕ, ನಿಮ್ಮ ಹತ್ರ ಸುಳ್ಳು ಹೇಳ್ತೇನಾ?" ಎಂದು ಅವರೇ ಹೇಳಿದಾಗ ನಾನು ನಕ್ಕು ತಲೆಯಾಡಿಸಿದೆ.

ನನ್ನ ಕೆಲಸ ಏನು ಗೊತ್ತೇ? ಆಹಾರ ಪದಾರ್ಥಗಳ ಗೋದಾಮಿನಲ್ಲಿ ಬರುವ ಮಾಲು ಪರೀಕ್ಷಿಸುವುದು. ಒಂದು ಕಾಗದ ಕಡಿಮೆಯಾದರೂ ಇಡೀ ಟ್ರಕ್ಕನ್ನು ವಾಪಸು ಕಳಿಸುವವಳು ನಾನು. ಡ್ರೈವರುಗಳು ನನ್ನನ್ನು ಕಂಡರೆ ಬೈದುಕೊಳ್ಳುತ್ತಾರೆ. ಅಂಥವಳು ಜೀವವೊಂದನ್ನು ಒಂದು ಚೀಟಿಯೂ ಇಲ್ಲದೆ ಮನೆಗೆ ತಂದೆ. ದಾಕ್ಷಿಣ್ಯಕ್ಕೆ ಬಸುರಾಗುವುದು ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಅದು ನನ್ನಂಥ ಹೆಡ್ಡಿಯರನ್ನು ನೋಡಿಯೇ ಹೇಳಿದ್ದಿರಬೇಕು.

ಮನೆಗೆ ಬಂದವಳೇ ಮಗಳು ಬಿಸಿನೀರು ಬಿಟ್ಟು, ತನ್ನದೇ ಶ್ಯಾಂಪೂ ಹಾಕಿ ಮರಿಗೆ ಸ್ನಾನ ಮಾಡಿಸಿದಳು. ಮರುದಿನ ಬೆಳಿಗ್ಗೆ ಅದು ವಾಂತಿ ಮಾಡಿತು. ಸಂಜೆಯ ಹೊತ್ತಿಗೆ ರಕ್ತಭೇದಿ. ಪಶುವೈದ್ಯರು ನಮ್ಮಿಬ್ಬರನ್ನೇ ಒಳಗೆ ಕರೆದು ಪಾರ್ವೋ ಎಂಬ ವೈರಸ್ಸಿನ ಕಾಯಿಲೆ ಅಂದರು. ಹಲ್ಲು ನೋಡಿ, ಇದಕ್ಕೆ ಐದು ವಾರವೂ ಆಗಿಲ್ಲ, ತಾಯಿಯಿಂದ ಬಿಡಿಸಬಾರದಿತ್ತು ಅಂದರು. ನಾಲ್ಕನೆಯ ದಿನ ಅವರ ಆಸ್ಪತ್ರೆಯಲ್ಲಿಯೇ ತೀರಿಕೊಂಡಿತು. ಆ ನಮ್ಮವರಿಗೆ ಫೋನು ಮಾಡಿದರೆ ನಂಬರು ಚಾಲ್ತಿಯಲ್ಲೇ ಇರಲಿಲ್ಲ. ನಾನು ಕೂಗಾಡಿದೆ, ಎಲ್ಲರಿಗೂ ಶಾಪ ಹಾಕಿದೆ. ಮಗಳು ಒಂದು ಹನಿ ಅಳಲಿಲ್ಲ.

ಅಳದಿದ್ದದ್ದೇ ಆಮೇಲೆ ನಮ್ಮನ್ನು ಹೆದರಿಸಿತು. ನಾಯಿಗಳ ಚಿತ್ರಗಳನ್ನೆಲ್ಲ ಕೋಣೆಯ ಗೋಡೆಯಿಂದ ತೆಗೆದಳು. ದಾರಿಯಲ್ಲಿ ನಾಯಿ ಎದುರಾದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುವಳು. ಪಕ್ಕದ ಮನೆಯವರ ಮುದಿ ನಾಯಿ ಬಾಲ ಆಡಿಸುತ್ತ ಬಂದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವಳು. ಕೇಳಿದರೆ "ಐ ಆಮ್ ಫೈನ್, ಅಮ್ಮ" ಅಷ್ಟೇ. ಏನೋ ಒಂದನ್ನು ಒಳಗೊಳಗೇ ಅಗಿಯುತ್ತಿದ್ದಾಳೆ ಎಂದು ಗೊತ್ತಾಗುತ್ತಿತ್ತು, ಏನೆಂದು ಗೊತ್ತಾಗುತ್ತಿರಲಿಲ್ಲ. ಇನ್ನೊಂದು ಮರಿ ಬಂದರೆ ಸರಿಹೋದಾಳು ಎಂಬುದು ನನ್ನ ಲೆಕ್ಕಾಚಾರ.

ಈ ಸಲ ಪಶುವೈದ್ಯರನ್ನೇ ಕೇಳಿದೆ. ಅವರು ಪಿಕರಿಂಗ್ ಊರಿನ ಉತ್ತರಕ್ಕೆ ಹೊಲಗಳ ನಡುವೆ ಇರುವ ಒಬ್ಬ ಹಿರಿಯ ಹೆಂಗಸಿನ ವಿಳಾಸ ಕೊಟ್ಟರು. ಲ್ಯಾಬ್ರಡಾರ್ ಬಿಟ್ಟು ಬೇರೆ ತಳಿ ಸಾಕುವವರಲ್ಲ, ವರ್ಷಕ್ಕೆ ಒಂದು ಸೂಲು, ಕೆಲವು ವರ್ಷ ಅದೂ ಇಲ್ಲ. ಫೋನು ಮಾಡಿ ಮರಿ ಇದೆಯೇ ಎಂದು ಕೇಳಿದೆ. ಅವರು ಇದೆಯೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಮೊದಲು ಒಂದು ಫಾರ್ಮು ತುಂಬಿ ಕಳಿಸಿ ಅಂದರು.

ನಾಲ್ಕು ಪುಟದ ಫಾರ್ಮು! ಹಗಲಲ್ಲಿ ನಾಯಿ ಎಷ್ಟು ಗಂಟೆ ಒಂಟಿಯಾಗಿರುತ್ತದೆ, ಹಿತ್ತಲಿಗೆ ಬೇಲಿ ಇದೆಯೇ, ಜನವರಿಯ ಚಳಿಯಲ್ಲಿ ಅದನ್ನು ನಡೆಸುವವರು ಯಾರು, ಭಾರತಕ್ಕೆ ಹೋದಾಗ ಯಾರ ಹತ್ತಿರ ಬಿಡುತ್ತೀರಿ. "ನನ್ನನ್ನು ನಿಮಗೆ ಕೊಡುವಾಗ ನನ್ನ ಅಪ್ಪ ಇಷ್ಟು ಕೇಳ್ಲಿಲ್ಲ ಮಾರಾಯ್ರೆ" ಎಂದು ಗಂಡನ ಮೇಲೆ ರೇಗಿದೆ. "ಕೇಳಿದ್ದಿದ್ರೆ ನಾನು ಫೇಲ್ ಆಗ್ತಿದ್ದೆ" ಅಂದರು ಅವರು. ಮೂರನೆಯ ಪುಟದಲ್ಲಿ ಒಂದು ಪ್ರಶ್ನೆಯಿತ್ತು. ಈ ಮೊದಲು ನಾಯಿ ಸಾಕಿದ್ದೀರಾ? ಸಾಕಿದ್ದರೆ ಅದಕ್ಕೆ ಏನಾಯಿತು? ನಾನು 'ಇಲ್ಲ' ಎಂದು ಬರೆದೆ. ಗಂಡ ನೋಡಿದರು. "ನಾಲ್ಕು ದಿನ ಇದ್ದದ್ದನ್ನು ಸಾಕಿದ್ದು ಅಂತಾರಾ?" ಎಂದು ಅವರ ಬಾಯಿ ಮುಚ್ಚಿಸಿದೆ. ಸತ್ಯ ಬರೆದರೆ ಮರಿ ಕೊಡಲಿಕ್ಕಿಲ್ಲ ಎಂದು ನನಗೆ ಹೆದರಿಕೆ.

ಜುಲೈ ತಿಂಗಳ ಒಂದು ಶನಿವಾರ ಹೋದೆವು. ಬರುವುದಿಲ್ಲ ಎಂದ ಮಗಳನ್ನು ಒತ್ತಾಯ ಮಾಡಿ ಕರೆದೊಯ್ದೆ. ಬರಿಗೈಯಲ್ಲಿ ಹೋಗಬಾರದೆಂದು ಮೈಸೂರುಪಾಕಿನ ಡಬ್ಬ ಬೇರೆ. ಆಕೆ ಬಾಗಿಲಲ್ಲೇ ತಡೆದು ನಿಲ್ಲಿಸಿದರು. ಚಪ್ಪಲಿ ಹೊರಗೆ ಬಿಟ್ಟು, ಅವರೇ ಕೊಟ್ಟ ರಬ್ಬರ್ ಚಪ್ಪಲಿ ಹಾಕಿಕೊಂಡು, ಮೊಣಕೈವರೆಗೆ ಸೋಪು ಹಚ್ಚಿ ತೊಳೆದ ಮೇಲೆಯೇ ಒಳಗೆ. ನನ್ನ ಅಜ್ಜಿಯ ಮಡಿಯೂ ಇಷ್ಟಿರಲಿಲ್ಲ. ಮುಖ ಗಂಟು ಹಾಕಿಕೊಂಡೇ ತೊಳೆದೆ.

ಒಳಗೆ ಅಡುಗೆಮನೆಗೆ ತಾಗಿದ ಕೋಣೆಯಲ್ಲಿ, ಗಾಜಿನ ಬಾಗಿಲಿನ ಆಚೆ, ಕಪ್ಪು ತಾಯಿನಾಯಿಯೊಂದು ಏಳು ಮರಿಗಳ ನಡುವೆ ಕಾಲು ಚಾಚಿ ಮಲಗಿತ್ತು. ಮೈ ಮಿರಿಮಿರಿ ಮಿಂಚುತ್ತಿತ್ತು. ನಮ್ಮನ್ನು ಕಂಡು ಬೊಗಳಲೂ ಇಲ್ಲ, ಹೆದರಲೂ ಇಲ್ಲ, ಬಾಲವನ್ನು ಎರಡು ಸಲ ನೆಲಕ್ಕೆ ಬಡಿಯಿತು. ಮನೆಯ ವಾಸನೆ ಎಂದರೆ ಬ್ರೆಡ್ಡು ಸುಟ್ಟ ವಾಸನೆ ಮಾತ್ರ. ಸೂಲು ಬಿಟ್ಟ ಮುದಿ ನಾಯಿಯೊಂದು ಸೋಫಾದ ಮೇಲೆ ಗೊರಕೆ ಹೊಡೆಯುತ್ತಿತ್ತು. ವಯಸ್ಸಾದ ನಾಯಿಗಳನ್ನು ಎಲ್ಲಿಗೆ ಕಳಿಸುತ್ತೀರಿ ಎಂದು ಗಂಡ ಕೇಳಿದರೆ, "ಎಲ್ಲಿಗೆ ಕಳಿಸುವುದು? ಇದು ಅದರ ಮನೆ" ಅಂದರು.

ಚಹಾ ಕೊಟ್ಟು ಮೇಜಿನ ಮೇಲೆ ಒಂದು ದಪ್ಪ ಫೈಲು ಬಿಚ್ಚಿದರು. ನಾವು ಏನನ್ನೂ ಕೇಳಿರಲಿಲ್ಲ. ತಂದೆತಾಯಿ ನಾಯಿಗಳ ಸೊಂಟದ ಎಕ್ಸ್‌ರೇ, ಕಣ್ಣಿನ ತಪಾಸಣೆ, ಮರಿಗಳ ಚುಚ್ಚುಮದ್ದಿನ ವಿವರ. ಶುದ್ಧ ತಳಿ ಎಂದು ಹೇಳಿ ಮಾರಿದ ಮೇಲೆ ನೋಂದಣಿ ಪತ್ರ ಕೊಡಲೇಬೇಕು, ಈ ದೇಶದ ಕಾನೂನೇ ಹಾಗೆ, ಆಮೇಲೆ ಕೊಡುತ್ತೇನೆ ಎಂದು ಜಾರಿಕೊಳ್ಳುವವರನ್ನು ನಂಬಬೇಡಿ ಅಂದರು. ಎಂಟು ವಾರ ಆಗದೆ ಮರಿ ಮನೆ ಬಿಡುವುದಿಲ್ಲ. ಯಾವ ಕಾರಣಕ್ಕಾದರೂ, ಎಷ್ಟು ವರ್ಷದ ಮೇಲಾದರೂ ನಾಯಿಯನ್ನು ಇಟ್ಟುಕೊಳ್ಳಲು ಆಗದಿದ್ದರೆ ಅದನ್ನು ಅವರಿಗೇ ತಂದೊಪ್ಪಿಸಬೇಕು ಎಂದು ಒಪ್ಪಂದದಲ್ಲಿ ಬರೆದಿತ್ತು. ಇಷ್ಟೆಲ್ಲ ಹೇಳುವಾಗ ಒಮ್ಮೆಯೂ ಮರಿ ತೆಗೆದುಕೊಳ್ಳಿ ಎನ್ನಲಿಲ್ಲ.

ಆಗ ಮಗಳು ಚಪ್ಪಲಿ ಯಾಕೆ ಬಿಡಿಸಿದಿರಿ, ಕೈ ಯಾಕೆ ತೊಳೆಸಿದಿರಿ ಎಂದು ಕೇಳಿದಳು. ಆಕೆ ಪಾರ್ವೋ ಬಗ್ಗೆ ಹೇಳಿದರು. ಚಪ್ಪಲಿಯಲ್ಲಿ, ಬಟ್ಟೆಯಲ್ಲಿ ಬರುತ್ತದೆ. ಒಂದು ಮನೆಗೆ ಹೊಕ್ಕರೆ ನೆಲದಲ್ಲಿ, ಕಾರ್ಪೆಟ್ಟಿನಲ್ಲಿ, ಹಿತ್ತಲ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ.

"ಸ್ನಾನ ಮಾಡಿಸಿದರೆ ಬರುತ್ತದಾ?" ಎಂದಳು ಮಗಳು, ಇಂಗ್ಲಿಷಿನಲ್ಲಿ, ಕಪ್ಪನ್ನೇ ನೋಡುತ್ತ.

ಆಕೆ ಪೆನ್ನು ಕೆಳಗಿಟ್ಟರು. "ಯಾವ ಸ್ನಾನ?"

ಮಗಳು ಹೇಳಿಬಿಟ್ಟಳು. ನಮ್ಮ ಮನೆಗೊಂದು ಮರಿ ಬಂದಿತ್ತು, ನಾನು ಸ್ನಾನ ಮಾಡಿಸಿದೆ, ಅದಕ್ಕೆ ಶೀತವಾಗಿ ಸತ್ತುಹೋಯಿತು, ನಾನೇ ಕೊಂದದ್ದು. "ಅಮ್ಮ ಸೆಡ್ ಸೋ."

ನಾನು ಹಾಗಂದಿದ್ದೆ! ಆ ಮೊದಲ ವಾಂತಿಯ ಬೆಳಿಗ್ಗೆ, ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ, "ಈ ಚಳಿಯಲ್ಲಿ ಅದಕ್ಕೆ ಯಾರು ಸ್ನಾನ ಮಾಡಿಸ್ಲಿಕ್ಕೆ ಹೇಳಿದ್ದು ನಿಂಗೆ? ಈಗ ನೋಡು, ಸಾಯಿಸ್ತಿ ಅದನ್ನು" ಎಂದಿದ್ದೆ. ಅಂದದ್ದನ್ನೇ ಮರೆತಿದ್ದೆ. ನನ್ನ ಬಾಯಿಗೆ ಬೆಂಕಿ ಬೀಳಲಿ. ಎಂಟು ತಿಂಗಳು ಆ ಮಗು ಅದನ್ನು ಹೊತ್ತುಕೊಂಡು ಶಾಲೆಗೆ ಹೋಗಿ ಬಂದಿತ್ತು, ನನ್ನ ಕೈಯಿಂದಲೇ ಊಟ ಬಡಿಸಿಕೊಂಡು ತಿಂದಿತ್ತು.

ಆಕೆ ನನ್ನ ಕಡೆ ನೋಡದೆ ಮಗಳನ್ನು ಒಂದೊಂದೇ ಕೇಳಿದರು. ಮರಿ ಬಂದದ್ದು ಯಾವಾಗ? ಮೊದಲ ವಾಂತಿ ಯಾವಾಗ? ಎಷ್ಟು ವಾರದ್ದಿತ್ತು? ಕೇಳಿ ಮುಗಿಸಿ, ಆ ಕಾಯಿಲೆ ಒಳಹೊಕ್ಕು ಹೊರಗೆ ಕಾಣಿಸಲು ಹಲವು ದಿನ ಬೇಕು ಮಗೂ, ನೀನು ಅವನನ್ನು ನೋಡುವ ಮೊದಲೇ ಅದು ಅವನ ಹೊಟ್ಟೆಯಲ್ಲಿತ್ತು, ನಿನ್ನ ಸ್ನಾನಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದರು. ಆಮೇಲೆ ನನ್ನ ಫಾರ್ಮಿನ ಮೂರನೆಯ ಪುಟ ತೆಗೆದು, ನಾನು ಬರೆದಿದ್ದ 'ಇಲ್ಲ'ದ ಮೇಲೆ ಬೆರಳಿಟ್ಟರು. "ನನ್ನ ಏಳು ಮರಿಗಳು ಆ ಬಾಗಿಲಿನ ಆಚೆ ಇವೆ" ಎಂದರು. ದನಿ ಏರಿಸಲಿಲ್ಲ.

ನಮ್ಮಲ್ಲಿ ಮಕ್ಕಳ ಹತ್ತಿರ ತಪ್ಪೊಪ್ಪಿಕೊಳ್ಳುವ ಕ್ರಮ ಇಲ್ಲ. ನನ್ನ ಅಮ್ಮ ನನ್ನ ಹತ್ತಿರ ಒಮ್ಮೆಯೂ ಒಪ್ಪಿಕೊಂಡಿರಲಿಲ್ಲ. ನಾನು ಮಗಳ ಕಡೆಗೆ ಕುರ್ಚಿ ತಿರುಗಿಸಿ ಕೂತೆ.

"ಮಗಾ, ಇಲ್ಲಿ ನೋಡು. ಅದು ಹುಷಾರಿಲ್ಲ ಅಂತ ನಂಗೆ ಪಾರ್ಕಿಂಗಲ್ಲೇ ಡೌಟ್ ಬಂದಿತ್ತು. ಕೇಳ್ಲಿಲ್ಲ. ಅವರು ಎಂತ ತಿಳ್ಕೊಳ್ತಾರೋ ಅಂತ ನಾಚಿಕೆ ನಂಗೆ. ಆಮೇಲೆ ಸಿಟ್ಟಲ್ಲಿ ನಿನ್ನ ಮೇಲೆ ಹಾಕಿದೆ. ನಿಂದು ಎಂತ ತಪ್ಪೂ ಇಲ್ಲ. ತಪ್ಪು ನಂದು."

ಆಕೆಗೆ ಕನ್ನಡ ಎಲ್ಲಿಂದ ಬರಬೇಕು? ಆದರೂ ಎದ್ದು, ತಾಯಿನಾಯಿಗೆ ನೀರು ಇಟ್ಟು ಬರುತ್ತೇನೆಂದು ಹೇಳಿ ಹೊರಗೆ ಹೋದರು. ಮಗಳು ಅತ್ತಳು. ಬಿಕ್ಕಿ ಬಿಕ್ಕಿ, ಮೇಜು ಅಲುಗಾಡುವ ಹಾಗೆ ಅತ್ತಳು. ಗಂಡ ಅವಳ ಬೆನ್ನು ನೀವಿದರು. ನಾನು ಅವಳ ಕೈ ಹಿಡಿದುಕೊಂಡೆ, ಅವಳು ಬಿಡಿಸಿಕೊಳ್ಳಲಿಲ್ಲ.

ಆಕೆ ತಿರುಗಿ ಬಂದು ತೀರ್ಮಾನ ಹೇಳಿದರು. ಈ ಸೂಲಿನ ಮರಿ ನಮಗಿಲ್ಲ. ಮನೆಯ ಕಾರ್ಪೆಟ್ಟು ಕೀಳಿಸಬೇಕು, ನೆಲವನ್ನು ಬ್ಲೀಚಿನಲ್ಲಿ ತೊಳೆಯಬೇಕು, ಹೇಗೆಂದು ಬರೆದು ಕೊಡುತ್ತೇನೆ. ಮುಂದಿನ ವಸಂತಕ್ಕೆ ಇನ್ನೊಂದು ಸೂಲು, ಆಗ ನೋಡೋಣ. ಸುಳ್ಳು ಬರೆದವಳನ್ನು ಆಕೆ ಅಂದೇ ಹೊರಗೆ ಅಟ್ಟಬಹುದಿತ್ತು. ನಾನಾಗಿದ್ದರೆ ಟ್ರಕ್ಕನ್ನು ಗೇಟಿನಿಂದಲೇ ತಿರುಗಿಸಿ ಕಳಿಸುತ್ತಿದ್ದೆ. ಮುಂದಿನ ಮೇ ತಿಂಗಳಲ್ಲಿ ಅವರು ಕೊಟ್ಟ ಮರಿ ನಮ್ಮ ಮನೆಗೆ ಬಂದು ಈಗ ಮೂರು ವರ್ಷ. ಅದಕ್ಕಾಗಿ ಅವರಿಗೆ ನಾನು ಋಣಿ. ಮರಿ ಕೊಡದೆ ನಮ್ಮನ್ನು ವಾಪಸು ಕಳಿಸಿದ ಆ ಶನಿವಾರಕ್ಕಾಗಿ ಅದಕ್ಕಿಂತ ಹೆಚ್ಚು ಋಣಿ. ಆ ಹೆಂಗಸಿನ ಹೊಟ್ಟೆ ತಣ್ಣಗಿರಲಿ.

ಆ ಶನಿವಾರ ಹೊರಡುವಾಗ ಆಕೆ ಒಂದು ಖಾಲಿ ಫಾರ್ಮನ್ನು ತಂದು ನನ್ನ ಕೈಗೆ ಕೊಡದೆ ಮಗಳ ಕೈಗೆ ಕೊಟ್ಟರು. "ಈ ಸಲ ನೀನು ತುಂಬು" ಎಂದರು.

ಹೈವೇ ಸೇರುವ ಮೊದಲೇ ಮಗಳು ಹಿಂದಿನ ಸೀಟಿನಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದಳು. ತುಂಬ ಹೊತ್ತು ಬರೆದಳು. ಈ ಮೊದಲು ನಾಯಿ ಸಾಕಿದ್ದೀರಾ ಎಂಬಲ್ಲಿ ಬರೆದದ್ದನ್ನು ನಮಗೆ ಗಟ್ಟಿಯಾಗಿ ಓದಿ ಹೇಳಿದಳು. ಹೌದು, ನಾಲ್ಕು ದಿನ. ಬರುವಾಗಲೇ ಅವನಿಗೆ ಹುಷಾರಿರಲಿಲ್ಲ, ನಮಗೆ ಗೊತ್ತಿರಲಿಲ್ಲ. ಅವನಿಗೆ ಬಿಸಿನೀರಿನ ಸ್ನಾನ ಇಷ್ಟವಾಗಿತ್ತು, ನನ್ನ ಕೈಯಲ್ಲೇ ನಿದ್ದೆ ಹೋಗಿದ್ದ.

"ಸರಿ ಉಂಟಾ ಅಮ್ಮ?" ಎಂದು ಕೇಳಿದಳು.

ಸರಿ ಉಂಟು ಅಂದೆ.