ಕಾಲಿನ ನರ ಬಲ್ಲ ನಾಗನಾಥ

ಬಸವಕಲ್ಯಾಣದ ಆಯುರ್ವೇದ ಕಾಲೇಜೊಂದರ ಶವಚ್ಛೇದನ ಕೋಣೆಯ ಬೀಗ ಬೆಳಗಿನ ಆರಕ್ಕೇ ತೆರೆಯುತ್ತದೆ. ಕಣ್ಣಿಗೆ ಖಾರದಂತೆ ಹತ್ತುವ ಫಾರ್ಮಲಿನ್ ವಾಸನೆ. ಅಟೆಂಡರ್ ನಾಗನಾಥ ಚಪ್ಪಲಿ ಹೊರಗೆ ಬಿಟ್ಟು, ಮೇಜಿನ ಮೇಲಿನ ದೇಹಕ್ಕೆ ಕೈಮುಗಿದು, ಮೊಣಕಾಲ ಕೆಳಗಿನ ಚರ್ಮ ಸರಿಸುತ್ತಾರೆ. ಮೀನಖಂಡದ ಎರಡು ತಲೆಯ ಸ್ನಾಯು, ಅದರಡಿ ಚಪ್ಪಟೆಯಾಗಿ ಮಲಗಿದ ಇನ್ನೊಂದು, ಎರಡೂ ಕೂಡಿ ಹಿಮ್ಮಡಿಗೆ ಇಳಿಯುವ ದಪ್ಪ ನಾರು. ಅಂಟಿದ ಕೊಬ್ಬನ್ನು ಚಿಮಟಿಗೆಯಿಂದ ಎಳೆಎಳೆಯಾಗಿ ಬಿಡಿಸುತ್ತಾರೆ. ಒಂದು ಕಾಲು ಪಾಠಕ್ಕೆ ಸಿದ್ಧವಾಗಲು ಹತ್ತು ದಿನ ಬೇಕು. ಅರವತ್ತು ಮಕ್ಕಳು ಅದರ ಸುತ್ತ ನಿಂತಾಗ ಅವರು ಬಕೆಟ್ ಹಿಡಿದು ಬಾಗಿಲ ಬಳಿ ಇರುತ್ತಾರೆ.

ಓದಿದ್ದು ಏಳನೆಯ ಇಯತ್ತೆ. ಮೂವತ್ತೊಂದು ವರ್ಷದಲ್ಲಿ ಉಳಿದದ್ದನ್ನು ಬೆರಳುಗಳೇ ಓದಿಕೊಂಡಿವೆ. ಪರೀಕ್ಷೆ ಬಂತೆಂದರೆ ಮಕ್ಕಳು ಕಾಕಾ, ಕಾಕಾ ಎಂದು ಸುತ್ತುವರಿಯುತ್ತಾರೆ. ಪಾಸಾದ ಮೇಲೆ ಹುಮನಾಬಾದ ಬಸ್ ಸ್ಟ್ಯಾಂಡಿನಲ್ಲಿ ಎದುರಾದರೂ ಗುರುತು ಹಿಡಿಯುವುದಿಲ್ಲ. ನರ, ಸ್ನಾಯುಗಳ ಪುಸ್ತಕದ ಹೆಸರುಗಳು ನಾಗನಾಥರಿಗೆ ಬೇಕಿಲ್ಲ. ವಿದ್ಯಾರ್ಥಿನಿ ಶೀತಲ್‌ಳ ಬೆರಳನ್ನು ಅವಳದೇ ಮೊಣಕಾಲಿನ ಹೊರಬದಿಗೆ, ಉಬ್ಬಿದ ಎಲುಬಿನ ತುಸು ಕೆಳಗೆ ಇಡಿಸುತ್ತಾರೆ.

“ಇಲ್ಲಿ ನರ ಎಲುಬಿಗಿ ಸುತ್ತಿಕೊಂಡು ಹೋಗ್ತದವ್ವ. ಮ್ಯಾಲ ಬರೇ ಚರ್ಮ. ಇದು ಒತ್ತಿತಂದ್ರ ಪಾದ ಮ್ಯಾಲ ಏಳಂಗಿಲ್ಲ.”

ಇಷ್ಟು ಹೇಳುವಷ್ಟರಲ್ಲಿ ದನಿ ಕುಗ್ಗುತ್ತದೆ. ಮೂರು ವರ್ಷದ ಹಿಂದೆ ಹೆಂಡತಿ ಕೇಶರಬಾಯಿ ಮುಡಬಿಯಲ್ಲಿ ಬಸ್ಸಿಳಿಯುವಾಗ ಬಿದ್ದು ಕಾಲು ಮುರಿದುಕೊಂಡರು. ಹುಮನಾಬಾದಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಪ್ಲಾಸ್ಟರ್ ಹಾಕಿದರು. ಅದರ ಮೇಲಂಚು ಸರಿಯಾಗಿ ಆ ನರದ ಮೇಲೆಯೇ ಬಿಗಿದು ಕೂತಿತ್ತು. ಅಂದು ಸಂಜೆ ನಾಗನಾಥ ಆ ಕಾಲಿನ ಹೆಬ್ಬೆರಳು ಎತ್ತಿಸಿ ನೋಡಿದರು. ಏಳಲಿಲ್ಲ. ಅವರಿಗೆ ಎಲ್ಲ ತಿಳಿದುಹೋಯಿತು. ಆದರೂ ಡಾಕ್ಟರು ಬಂದಾಗ ಎದ್ದು ನಿಂತು ನಮಸ್ಕಾರ ಮಾಡಿದರೇ ಹೊರತು ಬಾಯಿ ಬಿಡಲಿಲ್ಲ.

“ಹ್ಯಾಂಗ ಹೇಳ್ಲಿರಿ? ನಾ ಅಟೆಂಡರ್. ಎರಡು ದಿನ ಹಂಗ ಕುಂತೆ. ಮೂರನೇ ದಿನ ಹೇಳಿದೆ. ಅವರು ನಿಂತ ಕಾಲ ಮ್ಯಾಲ ಪ್ಲಾಸ್ಟರ್ ಕೊಯ್ಸಿದ್ರು. ಮೊದಲ ಯಾಕ ಹೇಳ್ಲಿಲ್ಲ ಅಂದ್ರು.”

ಎಲುಬು ಕೂಡಿತು, ನರ ಚೇತರಿಸಲಿಲ್ಲ. ಕೇಶರಬಾಯಿ ಈಗ ಮೊಣಕಾಲು ಎತ್ತರಕ್ಕೆ ಎತ್ತಿ ಹೆಜ್ಜೆ ಹಾಕುತ್ತಾರೆ; ಪಾದ ನೆಲಕ್ಕೆ ಚಟ್ಟೆಂದು ಬಡಿಯುತ್ತದೆ. ಮನೆಗೆ ಬಂದವರಿಗೆ ಚಹಾ ಕೊಡುತ್ತಲೇ ಕುಟುಕುತ್ತಾರೆ: “ಸತ್ತೋರ ಕಾಲು ಭಾಳ ಜತನ ಮಾಡ್ತಾರ್ರಿ ನಮ್ಮವರು. ನಾ ಜೀವಂತ ಇದ್ದೆ ನೋಡ್ರಿ, ಅದಕ್ಕ ಬಿಟ್ರು.” ನಾಗನಾಥ ಬಶಿಗೆ ಚಹಾ ಸುರಿದುಕೊಳ್ಳುತ್ತಾರೆ.

ಬರುವ ಮಾರ್ಚಿಗೆ ನಿವೃತ್ತಿ. ಸನ್ಮಾನದ ಶಾಲು ಬೇಡವೆಂದು ಈಗಲೇ ಹೇಳಿಟ್ಟಿದ್ದಾರೆ. ಯಾವುದಾದರೂ ದವಾಖಾನೆಯ ಪ್ಲಾಸ್ಟರ್ ಕೋಣೆಯಲ್ಲಿ ಪಗಾರವಿಲ್ಲದೆ ಒಂದು ಸ್ಟೂಲಿನ ಮೇಲೆ ಕೂಡಲು ಬಿಟ್ಟರೆ ಸಾಕಂತೆ.

“ಹೆಬ್ಬೆರಳು ಎತ್ತು ಅಂತ ಅಷ್ಟ ಕೇಳ್ತೀನ್ರಿ, ಮತ್ತೇನಿಲ್ಲ.”

“ಏಳಲಿಲ್ಲಂದ್ರ?” ಒಳಗಿನಿಂದ ಕೇಶರಬಾಯಿ ಕೇಳುತ್ತಾರೆ. “ಆವಾಗೂ ಸುಮ್ಮ ಕೂಡ್ತೀರೇನು?”

“ಒದರ್ತೀನಿ,” ಎನ್ನುತ್ತಾರೆ ನಾಗನಾಥ. “ಯಾವ ಸಾಹೇಬ್ರರ ಇರಲಿ, ಒದರ್ತೀನಿ.”